ಬಿದ್ದ ಭಾರದ ಲೆಕ್ಕ ಯಾರ ಖಾತೆಗೆ?

ಕೆಲಸದ ಸ್ಥಳದಲ್ಲಿ ಮೇಲಿನಿಂದ ಕಲ್ಲೊಂದು ಬೀಳುತ್ತದೆ. ಹಗ್ಗ ಹರಿದು ಮೂಟೆಯೊಂದು ಉರುಳುತ್ತದೆ. ತಿರುಗುತ್ತಿರುವ ಸಾಣೆಚಕ್ರ ಒಡೆದು ಅದರ ಚೂರು ಕಣ್ಣಿಗೆ ಸಿಡಿಯುತ್ತದೆ. ಕ್ಷಣಮಾತ್ರದಲ್ಲಿ ದುಡಿಯುವ ದೇಹ ನಿಷ್ಕ್ರಿಯವಾಗಿ, ಒಂದು ಸಂಸಾರದ ಅನ್ನದ ದಾರಿ ಮುಚ್ಚಿಹೋಗುತ್ತದೆ. ಕಲ್ಲನ್ನು ಯಾರೂ ಬೇಕೆಂದು ಎಸೆದಿಲ್ಲ. ಚಕ್ರವನ್ನು ಯಾರೂ ಬೇಕೆಂದು ಒಡೆದಿಲ್ಲ. ಹಾಗಾದರೆ ಈ ನಷ್ಟವನ್ನು ಹೊರಬೇಕಾದವರು ಯಾರು? ಈ ಒಂದು ಪ್ರಶ್ನೆಗೆ ಸಮಾಜವು ಕಾಲಕಾಲಕ್ಕೆ ಕೊಟ್ಟ ಉತ್ತರಗಳ ಚರಿತ್ರೆಯೇ ಕಾರ್ಮಿಕ ಪರಿಹಾರದ ಚರಿತ್ರೆ. ಭಾರತದ ಪರಿಹಾರ ಕಾನೂನು ಇಂಗ್ಲೆಂಡಿನ ಮಾದರಿಯನ್ನು ಅನುಸರಿಸಿ ರಚಿತವಾದುದರಿಂದ ಈ ಚರಿತ್ರೆಯನ್ನು ಅಲ್ಲಿಂದಲೇ ಆರಂಭಿಸುವುದು ಉಚಿತ.

ವಸ್ತುವಿಗೆ ದಂಡ, ಸಂಸಾರಕ್ಕೆ ಶೂನ್ಯ

ಮಧ್ಯಯುಗದ ಇಂಗ್ಲೆಂಡಿನಲ್ಲಿ 'ಡಿಯೋಡ್ಯಾಂಡ್' ಎಂಬ ವಿಚಿತ್ರವಾದ ಪದ್ಧತಿಯೊಂದು ರೂಢಿಯಲ್ಲಿತ್ತು. ದೇವರಿಗೆ ಕೊಡಬೇಕಾದದ್ದು ಎಂಬುದು ಆ ಲ್ಯಾಟಿನ್ ಮೂಲದ ಪದದ ಅರ್ಥ. ಮರವು ಬಿದ್ದು, ಬಂಡಿಯು ಉರುಳಿ, ತೊಲೆಯು ಕುಸಿದು ಮನುಷ್ಯನು ಸತ್ತರೆ, ಆ ವಸ್ತುವೇ ಅಪರಾಧಿಯೆಂದು ಪರಿಗಣಿತವಾಗುತ್ತಿತ್ತು. ಮರಣವಿಚಾರಣೆಯ ಜ್ಯೂರಿಯು ಅದರ ಬೆಲೆಯನ್ನು ಕಟ್ಟುತ್ತಿತ್ತು. ಆ ವಸ್ತು ಅಥವಾ ಅದರ ಬೆಲೆಯು ಧರ್ಮಕಾರ್ಯಕ್ಕೆಂಬ ಹೆಸರಿನಲ್ಲಿ ರಾಜನಿಗೆ ಇಲ್ಲವೆ ರಾಜನಿಂದ ಆ ಹಕ್ಕನ್ನು ಪಡೆದ ಜಮೀನುದಾರನಿಗೆ ಸೇರುತ್ತಿತ್ತು. ಸತ್ತವನ ಹೆಂಡತಿ ಮಕ್ಕಳಿಗೆ ಅದರಿಂದ ಯಾವ ಹಕ್ಕೂ ದೊರೆಯುತ್ತಿರಲಿಲ್ಲ.

ಬಂಡಿಯ ಕಾಲಕ್ಕೆ ಹೊಂದಿದ್ದ ಈ ಪದ್ಧತಿ ಉಗಿಯಂತ್ರದ ಕಾಲದಲ್ಲಿ ಬಿಕ್ಕಟ್ಟಿಗೆ ಸಿಲುಕಿತು. 1841ರ ಡಿಸೆಂಬರ್ 24ರಂದು ಸಾನಿಂಗ್ ಎಂಬಲ್ಲಿ, ರೈಲುದಾರಿಗಾಗಿ ಕಡಿದಿದ್ದ ದಿಬ್ಬದ ಮಣ್ಣು ಹಳಿಯ ಮೇಲೆ ಜಾರಿಬಿದ್ದಿತ್ತು. ಅದಕ್ಕೆ ಡಿಕ್ಕಿ ಹೊಡೆದ ಗಾಡಿಯಲ್ಲಿ ಪ್ರಯಾಣಿಸುತ್ತಿದ್ದ ಒಂಬತ್ತು ಮಂದಿ ಸತ್ತರು. ಲಂಡನ್ನಿನ ಪಾರ್ಲಿಮೆಂಟ್ ಭವನದ ಕಟ್ಟಡದಲ್ಲಿ ದುಡಿದು ಹಬ್ಬಕ್ಕೆಂದು ಊರಿಗೆ ಹೊರಟಿದ್ದ ಕಲ್ಲುಕುಟಿಗರು ಆ ಗಾಡಿಯಲ್ಲಿದ್ದರು. ಜ್ಯೂರಿಯು ಎಂಜಿನ್ ಮತ್ತು ಡಬ್ಬಿಗಳ ಮೇಲೆ 1,000 ಪೌಂಡುಗಳ ಡಿಯೋಡ್ಯಾಂಡನ್ನು ವಿಧಿಸಿತು. ಬಂಡವಾಳಗಾರರು ಇಂತಹ ದಂಡಗಳಿಗೆ ಬೆದರಿದರು. 1846ರಲ್ಲಿ ಪಾರ್ಲಿಮೆಂಟು ಡಿಯೋಡ್ಯಾಂಡನ್ನು ರದ್ದುಗೊಳಿಸಿತು. ಅದೇ ವರ್ಷ ಅನ್ಯರ ತಪ್ಪಿನಿಂದ ಸತ್ತವನ ಕುಟುಂಬವು ನಷ್ಟಪರಿಹಾರವನ್ನು ಕೇಳಬಹುದೆಂಬ ಕಾಯ್ದೆಯೂ ಬಂದಿತು. ಇದೇ ಆಶಯದ ಕಾಯ್ದೆಯು 1855ರಲ್ಲಿ ಭಾರತಕ್ಕೂ ಬಂದಿತು.

ಹೀಗೆ ದೃಷ್ಟಿಯು ಜಡವಸ್ತುವಿನಿಂದ ಮನುಷ್ಯನ ಕಡೆಗೆ ತಿರುಗಿತು. ಆದರೆ ಕೂಲಿಯವನಿಗೆ ಇದರಿಂದ ಆದ ಪ್ರಯೋಜನ ಅತ್ಯಲ್ಪ. ಏಕೆಂದರೆ ಅಷ್ಟರೊಳಗಾಗಿ ನ್ಯಾಯಾಲಯವು ಅವನ ಪಾಲಿನ ಬಾಗಿಲನ್ನು ಬೇರೊಂದು ರೀತಿಯಲ್ಲಿ ಮುಚ್ಚಿಬಿಟ್ಟಿತ್ತು.

ಮುರಿದ ಬಂಡಿ ಮತ್ತು ಉರುಳಿದ ಪೀಪಾಯಿ

ಫೌಲರ್ ಎಂಬ ಮಾಂಸದ ವ್ಯಾಪಾರಿಯಲ್ಲಿ ಪ್ರೀಸ್ಟ್ಲಿ ಎಂಬ ಹುಡುಗನು ಕೆಲಸಕ್ಕಿದ್ದನು. ಒಂದು ದಿನ ಸರಕು ತುಂಬಿದ ಬಂಡಿಯ ಜೊತೆಗೆ ಹೋಗುವಂತೆ ಅವನಿಗೆ ಆಜ್ಞೆಯಾಯಿತು. ಬಂಡಿಗೆ ಮಿತಿಮೀರಿ ಭಾರ ಹೇರಲಾಗಿತ್ತು. ದಾರಿಯಲ್ಲಿ ಅದು ಮುರಿದುಬಿದ್ದು ಹುಡುಗನ ತೊಡೆಯ ಎಲುಬು ಮುರಿಯಿತು. ಜ್ಯೂರಿಯು ಅವನಿಗೆ 100 ಪೌಂಡುಗಳನ್ನು ಕೊಡಬೇಕೆಂದಿತು. ಆದರೆ 1837ರಲ್ಲಿ ಮೇಲಿನ ನ್ಯಾಯಾಲಯದ ಲಾರ್ಡ್ ಅಬಿಂಜರ್ ಆ ನಿರ್ಣಯವನ್ನು ತಳ್ಳಿಹಾಕಿದರು. ಇಂತಹ ದಾವೆಯನ್ನು ಒಪ್ಪಿದರೆ ಮನೆಯ ಆಳುಗಳ ಪ್ರತಿಯೊಂದು ಅಜಾಗ್ರತೆಗೂ ಯಜಮಾನನು ಇತರ ಆಳುಗಳಿಗೆ ಉತ್ತರ ಕೊಡಬೇಕಾದೀತು ಎಂಬುದು ಅವರ ಭೀತಿ. ಬಂಡಿಯು ಸುರಕ್ಷಿತವೇ ಅಲ್ಲವೇ ಎಂಬುದು ಯಜಮಾನನಷ್ಟೇ ಹುಡುಗನಿಗೂ ತಿಳಿಯಬಹುದಾಗಿತ್ತು, ಬೇಡವೆನಿಸಿದ್ದರೆ ಅವನು ಹೋಗದಿರಬಹುದಾಗಿತ್ತು ಎಂಬುದು ಅವರ ತರ್ಕ.

ಈ ತೀರ್ಪಿನಿಂದ 'ಸಹೋದ್ಯೋಗ' ಎಂಬ ಸಿದ್ಧಾಂತ ಬೆಳೆಯಿತು. ಜೊತೆಯ ಕೆಲಸಗಾರನ ತಪ್ಪಿನಿಂದ ಗಾಯವಾದರೆ ಮಾಲೀಕನು ಹೊಣೆಯಲ್ಲ ಎಂಬುದೇ ಅದರ ಸಾರ. ಅಪಾಯವನ್ನು ತಿಳಿದೂ ಕೆಲಸ ಮಾಡಿದವನು ಅಪಾಯವನ್ನು ಒಪ್ಪಿದಂತೆಯೇ ಎಂಬ ವಾದವೂ, ಗಾಯಗೊಂಡವನ ಅಜಾಗ್ರತೆ ಕಿಂಚಿತ್ತಿದ್ದರೂ ಅವನಿಗೆ ಏನೂ ದೊರೆಯದೆಂಬ ವಾದವೂ ಇದರೊಡನೆ ಸೇರಿಕೊಂಡವು. ಈ ಮೂರು ಬೀಗಗಳನ್ನು ತೆರೆದು ನ್ಯಾಯವನ್ನು ಪಡೆಯುವುದು ಬಡವನಿಗೆ ಅಸಾಧ್ಯಪ್ರಾಯವಾಯಿತು.

ಈ ಸಿದ್ಧಾಂತದ ವಿಪರ್ಯಾಸವನ್ನು ಇನ್ನೊಂದು ಮೊಕದ್ದಮೆಯು ಸ್ಪಷ್ಟಪಡಿಸುತ್ತದೆ. ಲಿವರ್‌ಪೂಲ್ ನಗರದ ಬೀದಿಯೊಂದರಲ್ಲಿ ಬರ್ನ್ ಎಂಬಾತನು ನಡೆದುಹೋಗುತ್ತಿದ್ದಾಗ ಹಿಟ್ಟಿನ ವ್ಯಾಪಾರಿಯ ಮಳಿಗೆಯ ಮೇಲಿನಿಂದ ಹಿಟ್ಟಿನ ಪೀಪಾಯಿಯೊಂದು ಅವನ ಮೇಲೆ ಬಿದ್ದಿತು. ಯಾರ ಅಜಾಗ್ರತೆಯೆಂಬುದಕ್ಕೆ ಸಾಕ್ಷಿಯಿರಲಿಲ್ಲ. ಆದರೂ 1863ರಲ್ಲಿ ನ್ಯಾಯಾಲಯವು ಅವನ ಪರವಾಗಿ ತೀರ್ಮಾನಿಸಿತು. ಉಗ್ರಾಣದಿಂದ ಪೀಪಾಯಿಯು ತಾನಾಗಿ ಉರುಳದು. ಅದು ಬಿದ್ದಿತೆಂಬುದೇ ಅಜಾಗ್ರತೆಗೆ ಪ್ರಮಾಣ. ಹಾಗಲ್ಲವೆಂದು ತೋರಿಸುವ ಭಾರ ವ್ಯಾಪಾರಿಯ ಮೇಲಿದೆ ಎಂಬುದು ಅಂದಿನ ನಿರ್ಣಯ. ಇದು ನ್ಯಾಯವೇ ಸರಿ. ಆದರೆ ಅದೇ ಪೀಪಾಯಿಯು ದಾರಿಹೋಕನ ಬದಲು ಅದೇ ಮಳಿಗೆಯ ಹಮಾಲಿಯ ಮೇಲೆ ಬಿದ್ದಿದ್ದರೆ? ಕೈಜಾರಿಸಿದವನು ಜೊತೆಯ ಹಮಾಲಿಯೆಂಬ ಕಾರಣದಿಂದ ಅವನಿಗೆ ಬಿಡಿಗಾಸೂ ದೊರೆಯುತ್ತಿರಲಿಲ್ಲ. ಅಪರಿಚಿತನಿಗೆ ಸಲ್ಲುವ ನ್ಯಾಯವು ತನ್ನ ಲಾಭಕ್ಕಾಗಿ ಬೆವರು ಸುರಿಸಿದವನಿಗೆ ಸಲ್ಲದಾಗಿತ್ತು.

ತಲೆಯ ಮೇಲೆ ತೂಗಿದ ಕಲ್ಲು

ಗಣಿಗಳಲ್ಲಿಯೂ ರೈಲುದಾರಿಗಳಲ್ಲಿಯೂ ದುಡಿಯುತ್ತಿದ್ದ ಜನರ ಒತ್ತಾಯದಿಂದ 1880ರಲ್ಲಿ ಮಾಲೀಕರ ಹೊಣೆಗಾರಿಕೆಯ ಕಾಯ್ದೆಯು ಇಂಗ್ಲೆಂಡಿನಲ್ಲಿ ಅಂಗೀಕೃತವಾಯಿತು. ಯಂತ್ರೋಪಕರಣಗಳ ದೋಷದಿಂದಾಗಲಿ ಮೇಲ್ವಿಚಾರಕರ ಅಲಕ್ಷ್ಯದಿಂದಾಗಲಿ ಗಾಯವಾದರೆ ಕಾರ್ಮಿಕನು ದಾವೆ ಹೂಡಬಹುದೆಂದು ಅದು ಹೇಳಿತು. ಆದರೆ ಎರಡೇ ವರ್ಷಗಳಲ್ಲಿ, ಅಂದರೆ 1882ರಲ್ಲಿ, ಕಲ್ಲಿದ್ದಲಿನ ಗಣಿಯ ಕಾರ್ಮಿಕನೊಬ್ಬನ ವಿಧವೆಯು ಹೂಡಿದ ದಾವೆಯಲ್ಲಿ, ಈ ಹಕ್ಕನ್ನು ಬಿಟ್ಟುಕೊಡುವುದಾಗಿ ಕಾರ್ಮಿಕನು ಮಾಡಿಕೊಂಡ ಕರಾರು ಸಿಂಧುವೆಂದು ನ್ಯಾಯಾಲಯವು ಹೇಳಿತು. ಕಾಯ್ದೆಯು ಒಂದು ಕೈಯಿಂದ ಕೊಟ್ಟಿದ್ದನ್ನು ಕರಾರುಪತ್ರವು ಇನ್ನೊಂದು ಕೈಯಿಂದ ಕಸಿದುಕೊಳ್ಳಬಹುದಾಯಿತು.

ಈ ಕತ್ತಲೆಯಲ್ಲಿ ಬೆಳಕಿನಂತೆ ಬಂದದ್ದು 1891ರ ಸ್ಮಿತ್ ಮೊಕದ್ದಮೆ. ಸ್ಮಿತ್ ಎಂಬ ಕಾರ್ಮಿಕನು ರೈಲುದಾರಿಗಾಗಿ ಬಂಡೆಯಲ್ಲಿ ರಂಧ್ರ ಕೊರೆಯುತ್ತಿದ್ದನು. ಪಕ್ಕದಲ್ಲಿದ್ದ ಕ್ರೇನು ಕಲ್ಲುಗಳನ್ನು ಎತ್ತಿ ಆಗಾಗ ಅವನ ತಲೆಯ ಮೇಲಿನಿಂದಲೇ ಸಾಗಿಸುತ್ತಿತ್ತು. ಎಚ್ಚರಿಕೆಯ ಕೂಗು ಇರಲಿಲ್ಲ. ಬಗ್ಗಿ ಕೊರೆಯುತ್ತಿದ್ದ ಅವನಿಗೆ ಮೇಲೆ ನೋಡಲು ಅವಕಾಶವೂ ಇರಲಿಲ್ಲ. ಒಂದು ದಿನ ಕಲ್ಲು ಜಾರಿ ಅವನ ಮೇಲೆ ಬಿದ್ದಿತು. ಅಪಾಯವನ್ನು ಬಲ್ಲವನಾಗಿಯೂ ಕೆಲಸ ಬಿಡದಿದ್ದುದರಿಂದ ಅವನು ಅದನ್ನು ಒಪ್ಪಿಕೊಂಡಿದ್ದನೆಂದು ಮಾಲೀಕರು ವಾದಿಸಿದರು. ನಡುವಿನ ನ್ಯಾಯಾಲಯವು ಅವರ ಪರವಾಗಿಯೇ ನಿಂತಿತು. ಆದರೆ ಹೌಸ್ ಆಫ್ ಲಾರ್ಡ್ಸ್ ಆ ವಾದವನ್ನು ನಿರಾಕರಿಸಿತು. ಅಪಾಯವನ್ನು ತಿಳಿದಿರುವುದು ಬೇರೆ, ಅದಕ್ಕೆ ಸಮ್ಮತಿಸುವುದು ಬೇರೆ ಎಂಬ ವಿವೇಕವು ಅಂದು ಕಾನೂನಿನಲ್ಲಿ ನೆಲೆಗೊಂಡಿತು. ಹೊಟ್ಟೆಪಾಡಿಗಾಗಿ ತೂಗುವ ಕಲ್ಲಿನ ಕೆಳಗೆ ನಿಂತವನ ಮೌನವನ್ನು ಸಮ್ಮತಿಯೆಂದು ಬಗೆಯಲಾಗದು.

ತಪ್ಪಿನ ಪ್ರಶ್ನೆಯಿಂದ ಹೊಣೆಯ ಪ್ರಶ್ನೆಗೆ

ಇಷ್ಟಾದರೂ ಒಂದು ಕೊರತೆ ಉಳಿಯಿತು. ಮಾಲೀಕನ ತಪ್ಪನ್ನು ಸಾಧಿಸಿದರೆ ಮಾತ್ರ ಪರಿಹಾರ. ಯಾರ ತಪ್ಪೂ ಇಲ್ಲದ ಅಪಘಾತಗಳ ಗತಿಯೇನು? ಕನ್ನಡಿಗರಿಗೆ ಇದರ ಉದಾಹರಣೆಯು ಕೋಲಾರದ ಚಿನ್ನದ ಗಣಿಗಳಲ್ಲಿಯೇ ಉಂಟು. 2001ರ ಫೆಬ್ರವರಿಯಲ್ಲಿ ಮುಚ್ಚಿದ ಆ ಗಣಿಗಳು ಚಾಂಪಿಯನ್ ರೀಫ್ ಭಾಗದಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಮೇಲಿನ ಭೂಭಾರದ ಒತ್ತಡವನ್ನು ತಾಳಲಾರದೆ ಬಂಡೆಯು ಹಠಾತ್ತನೆ ಸಿಡಿದು ಒಡೆಯುತ್ತಿತ್ತು. ಇಂತಹ ಶಿಲಾಸ್ಫೋಟಗಳಿಂದ ಅಲ್ಲಿ ಅನೇಕ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆಧಾರಗಳನ್ನೆಲ್ಲ ಕೊಟ್ಟು ಎಚ್ಚರದಿಂದಿದ್ದರೂ ಬಂಡೆ ಸಿಡಿಯುವ ಗಳಿಗೆಯನ್ನು ಮುಂದಾಗಿ ಹೇಳುವುದು ಕಠಿಣ. ಇಂತಹ ಕಡೆ 'ತಪ್ಪು ಯಾರದು?' ಎಂದು ಕೇಳುವ ಕಾನೂನು ಮೂಕವಾಗುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: 'ಕೆಲಸ ಯಾರದು? ಲಾಭ ಯಾರದು?'

ಈ ಹೊಸ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕಾನೂನಿಗೆ ತಂದ ದೇಶ ಜರ್ಮನಿ. ಬಿಸ್ಮಾರ್ಕ್ ಪ್ರಧಾನಿಯಾಗಿದ್ದಾಗ 1884ರಲ್ಲಿ ಅಪಘಾತವಿಮೆಯ ಕಾಯ್ದೆ ಬಂದಿತು. ಒಂದೊಂದು ಉದ್ದಿಮೆಯ ಮಾಲೀಕರು ಸಂಘವಾಗಿ ಸೇರಿ ಹಣ ಕೂಡಿಸಿ, ಗಾಯಾಳುಗಳಿಗೂ ಮೃತರ ಅವಲಂಬಿತರಿಗೂ ಪರಿಹಾರ ಕೊಡುವ ವ್ಯವಸ್ಥೆಯದು. ದುಡಿಯುವ ಶಕ್ತಿಯನ್ನು ಪೂರ್ತಿ ಕಳೆದುಕೊಂಡವನಿಗೆ ವೇತನದ ಮೂರರಲ್ಲಿ ಎರಡು ಭಾಗ ದೊರೆಯುತ್ತಿತ್ತು. ಸಮಾಜವಾದಿಗಳ ಪ್ರಾಬಲ್ಯವನ್ನು ಕುಗ್ಗಿಸುವುದೂ ಬಿಸ್ಮಾರ್ಕನ ಉದ್ದೇಶವಾಗಿತ್ತು ಎಂಬುದು ನಿಜ. ಆದರೂ ಕಾಯ್ದೆಯ ಫಲ ಕಾರ್ಮಿಕರಿಗೆ ದೊರೆಯಿತು.

ಇಂಗ್ಲೆಂಡಿನಲ್ಲಿ ಜೋಸೆಫ್ ಚೇಂಬರ್‌ಲೇನರ ಪ್ರಯತ್ನದಿಂದ 1897ರಲ್ಲಿ ಪರಿಹಾರ ಕಾಯ್ದೆಯು ಅಂಗೀಕೃತವಾಗಿ ಮರುವರ್ಷದ ಜುಲೈ 1ರಿಂದ ಜಾರಿಗೆ ಬಂದಿತು. ಸಾವಿಗೆ ಮೂರು ವರ್ಷಗಳ ವೇತನ ಅಥವಾ 150 ಪೌಂಡು, ಇವುಗಳಲ್ಲಿ ಹೆಚ್ಚಿನದು, 300 ಪೌಂಡುಗಳ ಮಿತಿಯೊಳಗೆ. ಗಾಯಕ್ಕೆ ವಾರದ ವೇತನದ ಅರ್ಧದವರೆಗೆ. ಮಾಲೀಕನ ತಪ್ಪನ್ನು ಸಾಧಿಸಬೇಕಾದ ಅಗತ್ಯವೇ ಇಲ್ಲ. ಆದರೆ ಎಲ್ಲ ಕೆಲಸಗಳಿಗೂ ಅದು ಅನ್ವಯಿಸಲಿಲ್ಲ. ಕಟ್ಟಡ ಕೆಲಸದವರಾದರೆ, ಕಟ್ಟಡವು 30 ಅಡಿಗಿಂತ ಎತ್ತರವಿರಬೇಕಿತ್ತು. ಸಾರುವೆಯಿಂದ ಜಾರಿದ ಇಟ್ಟಿಗೆಯು 25 ಅಡಿಯ ಗೋಡೆಯದಾದರೆ ಕಾಯ್ದೆಯ ನೆರಳಿಲ್ಲ! ಇಟ್ಟಿಗೆಗೆ ತಿಳಿಯದ ಈ ಭೇದವನ್ನು 1906ರ ಕಾಯ್ದೆಯು ನಿವಾರಿಸಿ ಬಹುತೇಕ ಎಲ್ಲ ಉದ್ಯೋಗಗಳಿಗೂ ಪರಿಹಾರವನ್ನು ವಿಸ್ತರಿಸಿತು. ಸಹೋದ್ಯೋಗದ ಸಿದ್ಧಾಂತ ಮಾತ್ರ ಅಲ್ಲಿ ಪೂರ್ಣವಾಗಿ ರದ್ದಾದದ್ದು 1948ರಲ್ಲಿ.

ಭಾರತದ ಕಾಯ್ದೆ

ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆಯು 1923ರಲ್ಲಿ ರಚಿತವಾಗಿ 1924ರ ಜುಲೈ 1ರಂದು ಜಾರಿಗೆ ಬಂದಿತು. ಉದ್ಯೋಗದ ಕಾರಣದಿಂದ ಹಾಗೂ ಉದ್ಯೋಗದ ಅವಧಿಯಲ್ಲಿ ಆದ ಅಪಘಾತಕ್ಕೆ ಮಾಲೀಕನು ಪರಿಹಾರ ಕೊಡತಕ್ಕದ್ದು ಎಂಬುದೇ ಅದರ ಮೂಲಸೂತ್ರ. ಕಾರ್ಮಿಕನ ಸಾಮಾನ್ಯವಾದ ಅಜಾಗ್ರತೆಯು ಪರಿಹಾರಕ್ಕೆ ಅಡ್ಡಿಯಲ್ಲ. ಮದ್ಯದ ಅಮಲು, ಸುರಕ್ಷತೆಯ ಆಜ್ಞೆಯ ಉದ್ದೇಶಪೂರ್ವಕ ಉಲ್ಲಂಘನೆ ಮುಂತಾದ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ ಇತ್ತು. ಸಾವಿನ ಪ್ರಕರಣದಲ್ಲಿ ಈ ವಿನಾಯಿತಿಯನ್ನು 1933ರಲ್ಲಿ ತೆಗೆದುಹಾಕಲಾಯಿತು. 1938ರ ಇನ್ನೊಂದು ಕಾಯ್ದೆಯು ಸಹೋದ್ಯೋಗದ ವಾದವನ್ನು ಇಲ್ಲಿ ತೊಡೆದುಹಾಕಿತು; ಇಂಗ್ಲೆಂಡಿಗಿಂತ ಹತ್ತು ವರ್ಷ ಮೊದಲು ಎಂಬುದು ಗಮನಾರ್ಹ.

ಮೊದಲ ಕಾಯ್ದೆಯ ಪರಿಹಾರ ಮಾತ್ರ ಅತ್ಯಂತ ಕೃಪಣವಾಗಿತ್ತು. ಸಾವಿಗೆ 30 ತಿಂಗಳ ವೇತನ ಅಥವಾ 2,500 ರೂಪಾಯಿ, ಇವುಗಳಲ್ಲಿ ಕಡಿಮೆಯಾದದ್ದು. ತಿಂಗಳಿಗೆ 20 ರೂಪಾಯಿ ದುಡಿಯುವವನ ಜೀವಕ್ಕೆ ಈ ಲೆಕ್ಕದಲ್ಲಿ 600 ರೂಪಾಯಿ. ಅಂಗನಷ್ಟದ ಪಟ್ಟಿಯೂ ಇತ್ತು. ಮೊಣಕೈಯಲ್ಲಿ ಅಥವಾ ಅದರ ಮೇಲೆ ಬಲಗೈಯನ್ನು ಕಳೆದುಕೊಂಡರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 70 ನಷ್ಟ, ಎಡಗೈಗೆ 60, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25 ಎಂದು ನಿಗದಿಯಾಗಿತ್ತು. ಮನುಷ್ಯದೇಹವನ್ನು ಹೀಗೆ ಶೇಕಡಾವಾರು ಎಣಿಸುವುದು ಕ್ರೂರವಾಗಿ ಕಾಣಬಹುದು. ಆದರೆ ಅದಕ್ಕೆ ಮೊದಲು ಆ ಕಣ್ಣಿನ ಬೆಲೆ ಯಾವ ಖಾತೆಯಲ್ಲಿಯೂ ಇರಲಿಲ್ಲವೆಂಬುದನ್ನು ಮರೆಯಲಾಗದು.

ಕಾಯ್ದೆಯ ಇನ್ನೆರಡು ಏರ್ಪಾಡುಗಳು ಮನುಷ್ಯಸ್ವಭಾವವನ್ನು ಬಲ್ಲವರ ರಚನೆಯಾಗಿವೆ. ಸಾವಿನ ಪರಿಹಾರವನ್ನು ಮಾಲೀಕನು ಸತ್ತವನ ಮನೆಯವರ ಕೈಗೆ ನೇರವಾಗಿ ಕೊಟ್ಟರೆ ಅದು ಪಾವತಿಯೆನಿಸದು. ಅದನ್ನು ಆಯುಕ್ತರಲ್ಲಿಯೇ ಠೇವಣಿ ಇಡಬೇಕು. ದುಃಖದಲ್ಲಿರುವ ವಿಧವೆಯಿಂದ ಅಲ್ಪಸ್ವಲ್ಪ ಹಣಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಇದು ತಡೆಯಿತು. ಎರಡನೆಯದು, ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆದಾರನಿಂದ ಮಾಡಿಸಿದರೂ ಮೂಲಮಾಲೀಕನ ಹೊಣೆ ತಪ್ಪದು. ಅವನು ಮೊದಲು ಪರಿಹಾರ ಕೊಟ್ಟು, ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು.

ಸ್ವಾತಂತ್ರ್ಯಾನಂತರ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ ಬಂದಿತು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಅದರ ಯೋಜನೆ ಆರಂಭವಾಯಿತು. ಅದರ ವ್ಯಾಪ್ತಿಗೆ ಬಂದ ಕಡೆ ಪರಿಹಾರದ ಭಾರವು ಒಬ್ಬ ಮಾಲೀಕನ ಮೇಲೆ ಬೀಳದೆ ಎಲ್ಲರ ವಂತಿಗೆಯಲ್ಲಿ ಹಂಚಿಹೋಯಿತು. ಪರಿಹಾರ ಕಾಯ್ದೆಯೂ ಹಿಗ್ಗುತ್ತ ಬಂದಿತು. ವೇತನದ ಮಿತಿಯನ್ನು 1984ರಲ್ಲಿ ತೆಗೆಯಲಾಯಿತು. ಮಾಲೀಕನ ವ್ಯಾಪಾರಕ್ಕೆ ಸಂಬಂಧಿಸದ ಕೆಲಸಕ್ಕೆಂದು ಆಗೊಮ್ಮೆ ಈಗೊಮ್ಮೆ ಬರುವ ಕೂಲಿಯವರನ್ನು ಹೊರಗಿಟ್ಟಿದ್ದ ಮಾತನ್ನು 2000ದಲ್ಲಿ ಕೈಬಿಡಲಾಯಿತು. 2009ರ ತಿದ್ದುಪಡಿಯು ಸಾವಿಗೆ ಕನಿಷ್ಠ 1,20,000 ರೂಪಾಯಿ, ಶಾಶ್ವತವಾದ ಪೂರ್ಣ ಅಸಾಮರ್ಥ್ಯಕ್ಕೆ ಕನಿಷ್ಠ 1,40,000 ರೂಪಾಯಿ ಎಂದು ನಿಗದಿಗೊಳಿಸಿತು. ಸಾವಿಗೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗನುಗುಣವಾದ ಅಂಕದಿಂದ ಗುಣಿಸುವುದು ಲೆಕ್ಕದ ಕ್ರಮ. ಲೆಕ್ಕಕ್ಕೆ ಹಿಡಿಯುವ ವೇತನದ ಗರಿಷ್ಠ ಮಿತಿಯು 2020ರ ಜನವರಿಯಲ್ಲಿ 15,000 ರೂಪಾಯಿ ಆಯಿತು. 30 ವರ್ಷದವನಿಗೆ ಅಂಕ 207.98, ಆದುದರಿಂದ 15,000 ರೂಪಾಯಿ ವೇತನಕ್ಕೆ ಪರಿಹಾರವು 15,59,850 ರೂಪಾಯಿ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಹಳೆಯ ಕಾಯ್ದೆಯು ಲೀನವಾಯಿತು. 2025ರ ನವೆಂಬರ್ 21ರಂದು ಸಂಹಿತೆ ಜಾರಿಗೆ ಬಂದಿತು. ಆದರೂ ಮೂಲಸೂತ್ರ ಬದಲಾಗಿಲ್ಲ.

ಎರಡು ಅತಿಚಾರಗಳು

ಪ್ರೀಸ್ಟ್ಲಿಯ ಬಂಡಿಯು ಮುರಿದದ್ದು ಅತಿಭಾರದಿಂದ. ಜೈನಾಚಾರ್ಯರು ಶ್ರಾವಕನ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು, ಅನ್ನಪಾನನಿರೋಧವೂ ಒಂದು. ಶಕ್ತಿಮೀರಿ ಹೊರೆ ಹೊರಿಸುವುದು ಮೊದಲನೆಯದು. ತನ್ನನ್ನು ಅವಲಂಬಿಸಿದ ಜೀವಿಗೆ ಆಹಾರವನ್ನು ತಪ್ಪಿಸುವುದು ಎರಡನೆಯದು. ಎತ್ತು ಕುದುರೆಗಳಿಗೂ ಸೇವಕರಿಗೂ ಸಲ್ಲುವ ಈ ಮಾತುಗಳು ಕೆಲಸದ ಅಪಘಾತದ ಎರಡು ಮುಖಗಳನ್ನೂ ಮುಟ್ಟುತ್ತವೆ. ಅಪಘಾತಕ್ಕೆ ಮುಂಚೆ ಅತಿಭಾರ. ಅಪಘಾತದ ನಂತರ ಪರಿಹಾರವಿಲ್ಲದೆ ಸಂಸಾರದ ಉಪವಾಸ. ಕಾನೂನು ಎರಡನೆಯದನ್ನು ಮೊದಲು ಕಂಡಿತು. ಮೊದಲನೆಯದಕ್ಕಾಗಿ 1948ರ ಕಾರ್ಖಾನೆಗಳ ಕಾಯ್ದೆಯವರೆಗೆ ಬರಬೇಕಾಯಿತು. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದು, ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ಕನಿಷ್ಠ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷಿಸಬೇಕು, ಚೂರು ಸಿಡಿಯುವ ಕೆಲಸದಲ್ಲಿ ಕಣ್ಣಿಗೆ ರಕ್ಷಣೆ ಕೊಡಬೇಕು ಎಂದು ಆ ಕಾಯ್ದೆಯು ವಿಧಿಸಿತು.

ಉದ್ಯೋಗದಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಉದ್ಯೋಗೀ ಹಿಂಸೆಯೆಂದು ಗೃಹಸ್ಥನ ಮಟ್ಟಿಗೆ ಬೇರೆಯಾಗಿ ಎಣಿಸುವುದುಂಟು. ವ್ಯಾಪಾರದಲ್ಲಿ ಇಂತಹದು ನಡೆದೇ ನಡೆಯುತ್ತದೆ ಎಂದು ಅದರ ಮರೆಯಲ್ಲಿ ಸಮಾಧಾನ ತಂದುಕೊಳ್ಳುವುದು ಸುಲಭ. ಆದರೆ ಹಿಂಸೆಯ ಲಕ್ಷಣದಲ್ಲಿ ಪ್ರಮಾದವೇ ಮೂಲವೆಂಬುದನ್ನು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ಬಲ್ಲವರಿಗೆ ಹೇಳಬೇಕಾಗಿಲ್ಲ. ಸವೆದ ಹಗ್ಗವನ್ನು ಕಂಡೂ ಬದಲಾಯಿಸದವನ ಉಗ್ರಾಣದಲ್ಲಿ ಮೂಟೆ ಬಿದ್ದರೆ ಅದು ಉದ್ಯೋಗದ ಅನಿವಾರ್ಯತೆಯಲ್ಲ, ಪ್ರಮಾದ. ಸರ್ವಪ್ರಯತ್ನಗಳ ನಂತರವೂ ಉಳಿಯುವ ಅಪಾಯಕ್ಕೆ ಮಾತ್ರ ಅನಿವಾರ್ಯವೆಂಬ ಹೆಸರು ಸಲ್ಲುತ್ತದೆ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ನಡೆಯಬೇಕೆಂಬ ಆದಾನನಿಕ್ಷೇಪಣ ಸಮಿತಿಯು ಮುನಿಗಳಿಗೆ ವಿಹಿತವಾದದ್ದು. ಕಮಂಡಲುವಿಗೂ ಪಿಂಛಿಗೂ ಬೇಕಾದ ಎಚ್ಚರವು ನೂರು ಕಿಲೋ ಮೂಟೆಗೆ ಬೇಡವೆನ್ನಲು ಯಾವ ಕಾರಣವೂ ಇಲ್ಲ.

ಲೆಕ್ಕದ ನೀತಿಯೂ ಇದನ್ನೇ ಹೇಳುತ್ತದೆ. ಯಂತ್ರ ಸವೆದರೆ ವ್ಯಾಪಾರಿಯು ಸವಕಳಿಯನ್ನು ಖರ್ಚಿನಲ್ಲಿ ಬರೆಯುತ್ತಾನೆ. ಗಾಜಿನ ಸಾಮಾನು ಒಡೆದರೆ ಒಡೆತದ ನಷ್ಟವನ್ನು ಸರಕಿನ ಬೆಲೆಯಲ್ಲಿ ಹಿಡಿಯುತ್ತಾನೆ. ಮನುಷ್ಯನ ಕೈ ಮುರಿದಾಗ ಮಾತ್ರ ಆ ನಷ್ಟವನ್ನು ಅವನ ಮನೆಗೆ ಕಳಿಸಿದರೆ, ಕೀರ್ದಿಯಲ್ಲಿ ಕಾಣುವ ಲಾಭದಲ್ಲಿ ಒಂದು ಪಾಲು ಆ ಮನೆಯ ಒಲೆಯಿಂದ ತಂದದ್ದಾಗುತ್ತದೆ. ಒಂದು ಶತಮಾನಕ್ಕೂ ಹೆಚ್ಚು ಕಾಲದ ಹೋರಾಟದಿಂದ ಕಾನೂನು ಈ ನಮೂದನ್ನು ಸರಿಯಾದ ಖಾತೆಗೆ ವರ್ಗಾಯಿಸಿತು.

ಇಂದು ಉಳಿದಿರುವ ಕೊರತೆಯು ಕಾಯ್ದೆಯ ಅಕ್ಷರಕ್ಕಿಂತ ಆಚರಣೆಯಲ್ಲಿ ಹೆಚ್ಚು. ಕೂಲಿಯವನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲದಿದ್ದರೆ, ಅವನು ಅಲ್ಲಿ ಕೆಲಸಕ್ಕಿದ್ದನೆಂಬುದನ್ನೇ ಅವನ ವಿಧವೆಯು ಸಾಧಿಸಬೇಕಾಗುತ್ತದೆ. ಹಮಾಲಿಗಳ ಹೆಸರು, ವಯಸ್ಸು, ಕೂಲಿಗಳನ್ನು ಪುಸ್ತಕದಲ್ಲಿ ಬರೆದಿಡುವುದು, ಅವರನ್ನು ವಿಮೆಗೆ ಒಳಪಡಿಸುವುದು, ಮೂಟೆಗಳ ಅಟ್ಟಿಯ ಎತ್ತರಕ್ಕೆ ಮಿತಿಯಿಡುವುದು, ಹಗ್ಗ ಏಣಿಗಳನ್ನು ಕಾಲಕಾಲಕ್ಕೆ ನೋಡಿಸುವುದು, ದುರ್ದೈವದಿಂದ ಅಪಘಾತವಾದರೆ ವಕೀಲರ ಮಾತಿಗೆ ಕಾಯದೆ ತಿಂಗಳೊಳಗಾಗಿ ಪರಿಹಾರವನ್ನು ಠೇವಣಿ ಇಡುವುದು ಇವೆಲ್ಲ ಸಣ್ಣ ವ್ಯಾಪಾರಿಗೂ ಸಾಧ್ಯವಾದ ಕೆಲಸಗಳು. ಇವುಗಳಿಗೆ ತಗಲುವ ವೆಚ್ಚವನ್ನು ದಾನವೆಂದು ಬರೆಯಲಾಗದು. ಅದು ವ್ಯಾಪಾರದ ಖರ್ಚು, ತೀರಿಸಲೇಬೇಕಾದ ಋಣ.